ಜಿಪ್ಸಿಯೋ, ಜಿಮ್ನಿಯೋ: ತೋಟದ ದಾರಿಗೆ ಒಂದು ಗಾಡಿ

ಶ್ರೀನಿವಾಸಪುರದ ಆಚೆ, ರಾಯಲ್ಪಾಡು ಕಡೆಯ ಗುಡ್ಡದ ಮಗ್ಗುಲಲ್ಲಿರುವ ನಮ್ಮ ಮಾವಿನ ತೋಟಕ್ಕೆ ನಾಲ್ಕೂ ಚಕ್ರಗಳಿಗೆ ಎಂಜಿನ್ ಶಕ್ತಿ ಹೋಗುವ ಒಂದು ಫೋರ್ ವೀಲ್ ಡ್ರೈವ್ ಗಾಡಿ ಬೇಕೆಂಬುದರಲ್ಲಿ ಮನೆಯವರೆಲ್ಲರದೂ ಒಂದೇ ಮಾತು. ಹಳೆಯ ಮಾರುತಿ ಜಿಪ್ಸಿಯೊಂದನ್ನು ಕೊಂಡು ಸರಿಮಾಡಿಸುವುದೋ, ಅದೇ ಕಂಪನಿಯ ಹೊಸ ಜಿಮ್ನಿಯನ್ನೇ ತರುವುದೋ ಎಂಬಲ್ಲಿ ಮಾತ್ರ ಚರ್ಚೆ ಬಹಳ ದಿನ ನಡೆಯಿತು. "ಕೆಟ್ಟರೆ ಊರಲ್ಲೇ ರಿಪೇರಿ ಆಗೋ ಗಾಡಿ ತಗೊಳ್ಳೋಣ" ಎನ್ನುವುದು ಅಣ್ಣನ ವಾದ. ಅದನ್ನು ಹಗುರವಾಗಿ ತಳ್ಳಿಹಾಕುವಂತಿರಲಿಲ್ಲ. 1996ರಿಂದೀಚೆಗೆ ಜಿಪ್ಸಿಗೆ ಬಂದ 1.3 ಲೀಟರ್ ಎಂಜಿನ್ ಎಸ್ಟೀಮ್ ಕಾರಿನದೇ ಆದ್ದರಿಂದ, ಅದನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್‌ಗಳು ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಇಂದಿಗೂ ಸಿಗುತ್ತಾರೆ.

ಎರಡೂ ಒಂದೇ ವಂಶದ ಗಾಡಿಗಳು. 1985ರಲ್ಲಿ ಬಂದ ಜಿಪ್ಸಿಗೂ 2023ರ ಜೂನ್‌ನಲ್ಲಿ ಬಂದ ಐದು ಬಾಗಿಲಿನ ಜಿಮ್ನಿಗೂ ಏಣಿಯಂಥ ಚಾಸಿ (ಗಾಡಿಯ ಕೆಳಗಿನ ಚೌಕಟ್ಟು), ಹಿಂದೆ ಮುಂದೆ ಎಡಬಲ ಚಕ್ರಗಳನ್ನು ಕೂಡಿಸುವ ಇಡಿಯಾದ ಆಕ್ಸಲ್, ಕಡಿದಾದ ದಾರಿಗೆ ಬೇಕಾಗುವ ಲೋ ಗೇರಿಗೆ ಪ್ರತ್ಯೇಕ ಲಿವರ್ ಇವೆ. ಜಿಪ್ಸಿಗೆ ನಾಲ್ಕೂ ಕಡೆ ಪಟ್ಟಿಗಳ ಗಡಸು ಲೀಫ್ ಸ್ಪ್ರಿಂಗ್, ಜಿಮ್ನಿಗೆ ಸುರುಳಿಯ ಮೆತ್ತನೆಯ ಕಾಯಿಲ್ ಸ್ಪ್ರಿಂಗ್ ಎಂಬ ವ್ಯತ್ಯಾಸ ಕುಳಿತ ಕೂಡಲೇ ಸೊಂಟಕ್ಕೆ ತಿಳಿಯುತ್ತದೆ.

ನಿಜವಾದ ವ್ಯತ್ಯಾಸ ಕಾಣುವುದು ಬಂಡೆಯ ಮೇಲೆ. ನಮ್ಮ ತೋಟದ ದಾರಿಯಲ್ಲಿ ಮಳೆನೀರು ಕೊರೆದ ಕೊರಕಲೊಂದು ಓರೆಯಾಗಿ ಹಾದುಹೋಗುತ್ತದೆ. ಅಲ್ಲಿ ಮುಂದಿನ ಎಡಚಕ್ರ ಮತ್ತು ಹಿಂದಿನ ಬಲಚಕ್ರ ಒಟ್ಟಿಗೆ ನೆಲ ಬಿಡುತ್ತವೆ. ಸಾಮಾನ್ಯ ಡಿಫರೆನ್ಷಿಯಲ್ (ಎಡಬಲ ಚಕ್ರಗಳಿಗೆ ಶಕ್ತಿ ಹಂಚುವ ಭಾಗ) ಇರುವ ಜಿಪ್ಸಿಯಲ್ಲಿ ಆಗ ಎಂಜಿನ್ನಿನ ಶಕ್ತಿಯೆಲ್ಲ ಗಾಳಿಯಲ್ಲಿರುವ ಆ ಎರಡು ಚಕ್ರಗಳನ್ನು ಸುಮ್ಮನೆ ತಿರುಗಿಸುವುದರಲ್ಲೇ ಕಳೆದುಹೋಗುತ್ತದೆ. ಚಾಲಕ ಇಳಿದು ಚಕ್ರದಡಿ ಕಲ್ಲು ಕೊಡಬೇಕು, ಇಲ್ಲವೇ ಮೊದಲೇ ದಾರಿಯನ್ನು ಓದಿಕೊಂಡು ಬೇರೆ ಓರೆಯಲ್ಲಿ ಹತ್ತಬೇಕು. ಜಿಮ್ನಿಯಲ್ಲಿ ಸುಮ್ಮನೆ ತಿರುಗುವ ಚಕ್ರಕ್ಕೆ ಗಾಡಿಯೇ ಬ್ರೇಕ್ ಹಿಡಿಯುತ್ತದೆ. ಕೆಳಗಿನಿಂದ ಕಟಕಟ ಸದ್ದು ಬರುತ್ತದೆ, ಕ್ಷಣ ತಡೆದು ನೆಲದ ಮೇಲಿರುವ ಚಕ್ರ ಹಿಡಿತ ಪಡೆಯುತ್ತದೆ, ಗಾಡಿ ನಿಧಾನವಾಗಿ ಮೇಲೇರುತ್ತದೆ. ಆದರೆ ಕೊರಕಲು ದಾಟಿದ ಮೇಲೆ ಸಿಗುವ ದಿಬ್ಬದ ನೆತ್ತಿಯಲ್ಲಿ ಜಿಪ್ಸಿಯದೇ ಮೇಲುಗೈ. ಅದರ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2375 ಮಿ.ಮೀ., ಐದು ಬಾಗಿಲಿನ ಜಿಮ್ನಿಯದು 2590 ಮಿ.ಮೀ. ಉದ್ದ ಹೆಚ್ಚಿದಷ್ಟೂ ಗಾಡಿಯ ಹೊಟ್ಟೆ ದಿಬ್ಬಕ್ಕೆ ತಗಲುವ ಸಂಭವ ಹೆಚ್ಚು.

ಕೆರೆಗಳ ಮಾತನ್ನೂ ಇಲ್ಲಿ ಹೇಳಬೇಕು. ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಯತೊಡಗಿದ ಮೇಲೆ, ಒಣಗಿದ ಕೆರೆಯಂಗಳವನ್ನೇ ಅಡ್ಡದಾರಿ ಮಾಡಿಕೊಂಡಿದ್ದವರು ಹಲವೆಡೆ ದಾರಿ ಬದಲಿಸಬೇಕಾಗಿದೆ. ಅಂಚಿನ ಜೇಡಿಮಣ್ಣಿನಲ್ಲಿ ಹಗುರವಾದ ಜಿಪ್ಸಿ ಚೆನ್ನಾಗಿ ನಡೆಯುತ್ತದೆ ಎನ್ನುವುದು ನಿಜವಾದರೂ, ಅಲ್ಲಿ ಗಾಡಿಯ ವಯಸ್ಸಿಗಿಂತ ಟೈರಿನ ಹಲ್ಲು ಮುಖ್ಯ.

ಜಿಪ್ಸಿ ನೋಡಲು ಹೋಗುವವರು ಹೊಸ ಬಣ್ಣಕ್ಕೆ ಮಾರುಹೋಗದೆ ಗಾಡಿಯ ಕೆಳಗೆ ಮಲಗಿ ನೋಡಬೇಕು. ಹಿಂದಿನ ಲೀಫ್ ಸ್ಪ್ರಿಂಗ್‌ನ ಶ್ಯಾಕಲ್ (ಸ್ಪ್ರಿಂಗನ್ನು ಹಿಡಿದಿಡುವ ಕೊಂಡಿ) ಚಾಸಿಗೆ ಕೂಡುವ ಜಾಗವನ್ನು ಸ್ಕ್ರೂ ಡ್ರೈವರ್ ಹಿಡಿಯಿಂದ ತಟ್ಟಿದಾಗ ಠಣ್ಣೆನ್ನದೆ ಮಂಕು ಸದ್ದು ಬಂದರೆ ಒಳಗೆ ತುಕ್ಕು ತಿಂದಿದೆ ಎಂದೇ ತಿಳಿಯಬೇಕು. ಮುಂದಿನ ಚಕ್ರದ ಹಿಂದಿರುವ ದುಂಡನೆಯ ನಕಲ್ (ಚಕ್ರವನ್ನು ಎಡಬಲಕ್ಕೆ ತಿರುಗಿಸುವ ಕೀಲು) ಮೇಲೆ ಗ್ರೀಸ್ ಸೋರಿ ಮಣ್ಣು ಕಟ್ಟಿದ್ದರೆ ಸೀಲ್ ಹೋಗಿದೆ. ಬೇರಿಂಗ್ ಕೂಡ ಸವೆದಿದ್ದರೆ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ. ಇವೆಲ್ಲ ಸರಿಮಾಡಿಸಬಹುದಾದವು. ಕಾಗದಪತ್ರಗಳ ತೊಡಕು ಅಷ್ಟು ಸುಲಭವಲ್ಲ. 15 ವರ್ಷ ತುಂಬಿದ ಗಾಡಿಗೆ ಆರ್‌ಸಿ ನವೀಕರಿಸಬೇಕು, ಆಮೇಲೆ 5 ವರ್ಷಕ್ಕೊಮ್ಮೆ ಮತ್ತೆ ತಪಾಸಣೆಗೆ ಒಯ್ಯಬೇಕು. ಸೇನೆಯ ಹರಾಜಿನಿಂದ ಬಂದ ಜಿಪ್ಸಿಯಾದರೆ ಚಾಸಿ ಸಂಖ್ಯೆಯನ್ನು ದಾಖಲೆಯೊಂದಿಗೆ ಅಕ್ಷರ ಅಕ್ಷರ ಹೋಲಿಸದೆ ಮುಂಗಡ ಕೊಡಬಾರದು.

ಇಷ್ಟೆಲ್ಲ ತೂಗಿದ ಮೇಲೂ ಜಿಮ್ನಿಯೇ ಇರಲಿ ಎಂಬ ನನ್ನ ನಿರ್ಧಾರವನ್ನು ಮಾಡಿಸಿದ್ದು ಗುಡ್ಡವಲ್ಲ, ಹೆದ್ದಾರಿ. ಕಲ್ಲುದಾರಿ ಇರುವುದು ತೋಟದ ಕೊನೆಯ ಸ್ವಲ್ಪ ದೂರ ಮಾತ್ರ, ಅಲ್ಲಿ ಗಾಡಿ ನಡಿಗೆಯ ವೇಗದಲ್ಲಿರುತ್ತದೆ. ಆದರೆ ಅದೇ ಗಾಡಿ ಅಮ್ಮನನ್ನು ಕೂರಿಸಿಕೊಂಡು ರಾಷ್ಟ್ರೀಯ ಹೆದ್ದಾರಿ 75ರಲ್ಲಿ, ಲಾರಿಗಳ ನಡುವೆ, ಬೆಂಗಳೂರಿನ ಆಸ್ಪತ್ರೆಗೂ ಹೋಗಬೇಕು. ಜಿಪ್ಸಿಯಲ್ಲಿ ಏರ್‌ಬ್ಯಾಗ್ ಇಲ್ಲ, ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಕಟ್ಟಿಕೊಳ್ಳದಂತೆ ನೋಡಿಕೊಳ್ಳುವ ಎಬಿಎಸ್ ಇಲ್ಲ. ಜಿಮ್ನಿಯ ಎಲ್ಲ ಮಾದರಿಗಳಲ್ಲೂ 6 ಏರ್‌ಬ್ಯಾಗ್, ಎಬಿಎಸ್, ಗಾಡಿ ಜಾರದಂತೆ ಹಿಡಿಯುವ ಇಎಸ್‌ಪಿ ಇವೆ. ಊರಲ್ಲೇ ರಿಪೇರಿಯಾಗುವ ಅನುಕೂಲ ಎಷ್ಟೇ ದೊಡ್ಡದಾದರೂ ಇದಕ್ಕೆ ಸಮನಾಗದು ಎಂದು ಅಣ್ಣನಿಗೆ ಸ್ಪಷ್ಟವಾಗಿಯೇ ಹೇಳಿದೆ. ಮನೆಯಲ್ಲಿ ಹೆದ್ದಾರಿಗೆ ಬೇರೆ ಕಾರು ಇದ್ದು, ತೋಟಕ್ಕಷ್ಟೇ ಓಡಿಸುವುದಾದರೆ, ತುಕ್ಕು ಹಿಡಿಯದ ಜಿಪ್ಸಿಯೊಂದನ್ನು ಹುಡುಕಿ ಕೊಳ್ಳಿ ಎಂದು ನಾನೇ ಹೇಳುತ್ತೇನೆ.

ಹಿಂದಿನ ಸೀಟು ಮಡಚದಿದ್ದರೆ ಜಿಮ್ನಿಯ ಡಿಕ್ಕಿಯಲ್ಲಿ ಇರುವುದು 208 ಲೀಟರ್ ಜಾಗ ಮಾತ್ರ. ಮಾವಿನ ಕ್ರೇಟುಗಳಿಗೆ ಅದು ಸಾಲದು. ಹಣ್ಣು ಎಂದಿನಂತೆ ಬಾಡಿಗೆ ಪಿಕಪ್‌ನಲ್ಲೇ ಮಂಡಿಗೆ ಹೋಗುತ್ತದೆ. ಸಸ್ಪೆನ್ಷನ್ ಎತ್ತರಿಸುವುದು, ಬಂಪರ್ ಬದಲಿಸುವುದು ಯಾವುದೂ ಬೇಡವೆಂದು ತೀರ್ಮಾನಿಸಿದ್ದೇವೆ. ಕಂಪನಿಯ ಟೈರು ಸವೆದ ಮೇಲೆ ಅದೇ ಅಳತೆಯ, ರಸ್ತೆಗೂ ಮಣ್ಣುದಾರಿಗೂ ಒಗ್ಗುವ ಆಲ್ ಟೆರೇನ್ ಟೈರು ಹಾಕಿಸುತ್ತೇವೆ. ಆ ದಿಬ್ಬದ ನೆತ್ತಿಯನ್ನು ಮಾತ್ರ ಮುಂದಿನ ಮಳೆಗಾಲಕ್ಕೆ ಮೊದಲು ಜೆಸಿಬಿ ತರಿಸಿ ಸ್ವಲ್ಪ ತಗ್ಗಿಸಬೇಕಾಗಿದೆ.