ಹಲ್ಲಿಯಲ್ಲ, ಹಾರ್ಡ್ ಡಿಸ್ಕ್

9 ನವೆಂಬರ್ 2025, ಭಾನುವಾರ, ರಾತ್ರಿ 10.40

ತಿಪಟೂರಿನಿಂದ ಈಗಷ್ಟೇ ಬಂದೆ. ನಿನ್ನೆ ರಾತ್ರಿ ನಿದ್ದೆ ಇಲ್ಲ, ಕಣ್ಣು ಉರಿಯುತ್ತಿದೆ. ಆದರೂ ಬರೆದಿಟ್ಟೇ ಮಲಗುತ್ತೇನೆ. ನಾಳೆಗೆ ಅರ್ಧ ಮರೆತುಹೋಗಿರುತ್ತದೆ.

ಬುಧವಾರ ಸಂಜೆ ಅಪ್ಪ ಫೋನ್ ಮಾಡಿದ್ದರು. "ಕಂಪ್ಯೂಟರ್ ತುಂಬಾ ಸ್ಲೋ ಆಗಿದೆ ಕಣಮ್ಮ. ಬಟನ್ ಒತ್ತಿ ಕಾಫಿ ಕುಡಿದು ಬಂದರೂ ಇನ್ನೂ ತಿರುಗ್ತಾನೇ ಇರುತ್ತೆ" ಅಂದರು. 2016ರಲ್ಲಿ ಜೋಡಿಸಿದ ಡೆಸ್ಕ್‌ಟಾಪ್ ಅದು. ಒಂಬತ್ತು ವರ್ಷ ಆಯ್ತಲ್ವಾ, ಬೇಡದ ಪ್ರೋಗ್ರಾಂ ತುಂಬಿರಬೇಕು ಅಂದುಕೊಂಡೆ. ಅದನ್ನೇ ಹೇಳುವವಳಿದ್ದೆ. ಅಷ್ಟರಲ್ಲಿ ಅಪ್ಪ ಇನ್ನೊಂದು ಮಾತು ಸೇರಿಸಿದರು. "ಒಳಗಿಂದ ಸದ್ದು ಬರುತ್ತೆ. ನಿಮ್ಮಮ್ಮ ಹಲ್ಲಿ ಅಂತಾಳೆ. ನನಗೆ ಹಾಗನ್ನಿಸಲ್ಲ."

ಎರಡು ವಾರದಿಂದ ಮೇಜಿನ ಕೆಳಗೆ ಲೊಚ್ ಲೊಚ್ ಅಂದಾಗೆಲ್ಲ ಅಮ್ಮ ಬೆರಳಿನಿಂದ ಗೋಡೆ ಕುಟ್ಟಿ "ಕೃಷ್ಣ ಕೃಷ್ಣ" ಅನ್ನುತ್ತಿದ್ದಳಂತೆ. ಅಪ್ಪ ಮಾತ್ರ ಒಪ್ಪಿಲ್ಲ. ಅಪ್ಪನ ಕಿವಿಯ ಮೇಲೆ ನನಗೆ ತುಂಬಾ ನಂಬಿಕೆ. ನಮ್ಮ ಕಡೆ ಉಂಡೆ ಕೊಬ್ಬರಿಗೆ ಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಹಾಕಿಡುತ್ತಾರೆ. ಒಳಗಿನ ನೀರು ಇಂಗಿ, ಗಿಟುಕು, ಅಂದರೆ ಒಣಗಿದ ತಿರುಳು, ಚಿಪ್ಪಿನಿಂದ ಬಿಡಬೇಕು. ಬಿಟ್ಟಿದೆಯೋ ಇಲ್ಲವೋ ಅಂತ ಒಡೆದು ನೋಡುವ ಹಾಗಿಲ್ಲ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಮೇಷ್ಟ್ರ ಕೆಲಸದಲ್ಲಿದ್ದಾಗಲೂ ರಜೆ ಬಂತೆಂದರೆ ಅಪ್ಪ ಅಟ್ಟದ ಮೇಲೆ ಇರುತ್ತಿದ್ದರು. ಸದ್ದು ಕೇಳಿ ಒಳಗೇನಾಗಿದೆ ಅಂತ ಹೇಳೋದು ಅವರಿಗೆ ಹೊಸದಲ್ಲ.

ಫೋನನ್ನು ಸಿಪಿಯು ಪಕ್ಕ ಹಿಡಿಯಲು ಹೇಳಿದೆ. ಫ್ಯಾನಿನ ಗುಂಯ್ ಅನ್ನುವ ಸದ್ದು ಒಂದೇ ಸಮ ಇತ್ತು. ಅದರ ನಡುವೆ ಟಕ್... ಟಕ್... ಟಕ್, ಆಮೇಲೆ ಕಿರ್ ಅಂತ ಸಣ್ಣ ಎಳೆತ, ಮತ್ತೆ ಟಕ್. ಫ್ಯಾನಿಗೆ ಧೂಳು ಹಿಡಿದರೆ ಸದ್ದು ಬಿಟ್ಟು ಬಿಟ್ಟು ಹೀಗೆ ಬರುವುದಿಲ್ಲ. ನನ್ನ ಹೊಟ್ಟೆಯೊಳಗೆ ಚುರ್ ಅಂದಿತು.

ಇನ್ನೊಂದು ಪರೀಕ್ಷೆ ಮಾಡಿಸಿದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿಸಿ, ಯಾವ ಭಾಗ ಎಷ್ಟು ಕೆಲಸದಲ್ಲಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆಸಿದೆ. ಪರ್ಫಾರ್ಮೆನ್ಸ್ ಪುಟದಲ್ಲಿ ಡಿಸ್ಕ್ (ಫೈಲುಗಳೆಲ್ಲ ಇರುವ ಹಾರ್ಡ್ ಡಿಸ್ಕ್) ಮೇಲೆ ಕ್ಲಿಕ್ ಮಾಡಲು ಹೇಳಿದೆ. ಅಪ್ಪ ಹಾಜರಿ ಕೂಗುವ ಹಾಗೆ ಒಂದೊಂದೇ ಓದಿದರು. ಡಿಸ್ಕ್ 100 ಪರ್ಸೆಂಟ್ ಬಿಜಿ. ಓದುತ್ತಿರುವ ವೇಗ ಸೆಕೆಂಡಿಗೆ 200 ಕೆಬಿ. ಪ್ರತಿಕ್ರಿಯೆಗೆ ತಗಲುವ ಸಮಯ 5,230 ಮಿಲಿಸೆಕೆಂಡ್.

ಈ ಮೂರು ಅಂಕಿಯನ್ನು ಒಟ್ಟಿಗೆ ಇಟ್ಟು ನೋಡಬೇಕು. ರ‍್ಯಾಮ್ ಸಾಲದೆ ಸ್ಲೋ ಆಗಿದ್ದರೆ, ಅಥವಾ ಆಂಟಿವೈರಸ್ ಎಲ್ಲವನ್ನೂ ಜಾಲಾಡುತ್ತಿದ್ದರೆ, ಡಿಸ್ಕ್ 100 ತೋರಿಸುತ್ತದೆ ನಿಜ. ಆದರೆ ಆಗ ಅದು ಸಿಕ್ಕಾಪಟ್ಟೆ ಓದುತ್ತಲೋ ಬರೆಯುತ್ತಲೋ ಇರುತ್ತದೆ. ಇಲ್ಲಿ ಪೂರ್ತಿ ಬಿಜಿ, ಆದರೆ ಸಾಗುತ್ತಿರುವುದು ಏನೂ ಇಲ್ಲ. ಹತ್ತಿಪ್ಪತ್ತು ಮಿಲಿಸೆಕೆಂಡಿನಲ್ಲಿ ಸಿಗಬೇಕಾದ ಉತ್ತರಕ್ಕೆ ಐದು ಸೆಕೆಂಡ್. ಅಂದರೆ ಡಿಸ್ಕ್ ಒಂದೇ ಜಾಗದಲ್ಲಿ ಸಿಕ್ಕಿಹಾಕಿಕೊಂಡಿದೆ.

"ಅಪ್ಪಾ, ಈಗಲೇ ಆಫ್ ಮಾಡಿ. ನಾನು ಬರೋವರೆಗೂ ಮತ್ತೆ ಹಾಕಬೇಡಿ."

"ಪಕ್ಕದ ಮನೆ ಹುಡುಗ ಫಾರ್ಮ್ಯಾಟ್ ಹೊಡೆಸಿ, ಸರಿಹೋಗುತ್ತೆ ಅಂದ. ಡಿಫ್ರ್ಯಾಗ್ ಮಾಡಿ ಅಂತಲೂ ಹೇಳಿಕೊಟ್ಟ. ನಿನ್ನೆ ಅರ್ಧ ದಿನ ಅದೇ ಓಡಿಸಿದೆ."

ಆ ಹುಡುಗ ಒಳ್ಳೆಯದಕ್ಕೇ ಹೇಳಿದ್ದು. ಆದರೆ ಡಿಫ್ರ್ಯಾಗ್ ಅಂದರೆ ಡಿಸ್ಕಿನಲ್ಲಿರುವ ಫೈಲುಗಳನ್ನು ಎತ್ತಿ ಬೇರೆ ಕಡೆ ಇಡುವ ಕೆಲಸ. ಮೂಳೆ ಮುರಿದವರ ಕೈಲಿ ಮನೆ ಖಾಲಿ ಮಾಡಿಸಿದ ಹಾಗೆ. ಇನ್ನು ಫಾರ್ಮ್ಯಾಟ್ ಅನ್ನೋ ಮಾತು ಕೇಳಿದರೇ ನಮ್ಮ ಮನೆಯಲ್ಲಿ ಎಲ್ಲರೂ ಸುಮ್ಮನಾಗುತ್ತೇವೆ. ಇದಕ್ಕೂ ಹಿಂದಿನ ಕಂಪ್ಯೂಟರನ್ನು ಒಂದು ಅಂಗಡಿಯಲ್ಲಿ ರಿಪೇರಿಗೆ ಕೊಟ್ಟಿದ್ದೆವು. ಕೇಳದೆ ಫಾರ್ಮ್ಯಾಟ್ ಮಾಡಿ, ಅಂದರೆ ಇದ್ದದ್ದನ್ನೆಲ್ಲ ಅಳಿಸಿ, ವಾಪಸ್ ಕೊಟ್ಟರು. ಅದರಲ್ಲಿ ಅಜ್ಜಿಯ ಧ್ವನಿ ಇತ್ತು. ತೋಟದ ಮಾತು, ಗಾದೆ, ಒಗಟು ಎಲ್ಲವನ್ನೂ ಅಪ್ಪ ಅಜ್ಜಿಯಿಂದ ಹೇಳಿಸಿ ರೆಕಾರ್ಡ್ ಮಾಡಿದ್ದರು. ಅಜ್ಜಿ ಆಗಲೇ ಇರಲಿಲ್ಲ. ಆಮೇಲೆ ಅಪ್ಪ ನೆನಪಿನಿಂದ, ಊರೂರು ತಿರುಗಿ ಕೇಳಿ, ಆ ಪದಗಳನ್ನು ಮತ್ತೆ ಟೈಪ್ ಮಾಡುತ್ತಾ ಬಂದಿದ್ದಾರೆ. ಹೊಂಬಾಳೆ, ಕುರುಂಬೆ, ಎಡಮಟ್ಟೆ, ಸೋಗೆ. ಒಂಬತ್ತು ವರ್ಷದ ಆ ಕೆಲಸ ಈಗ ಟಕ್ ಟಕ್ ಅನ್ನುತ್ತಿರುವ ಈ ಡಿಸ್ಕಿನಲ್ಲಿತ್ತು. ಬೇರೆಲ್ಲೂ ಇರಲಿಲ್ಲ. ಅದು ನನ್ನ ತಪ್ಪು. ನಾನು ಕಾಪಿ ಮಾಡಿಡಬೇಕಿತ್ತು.

ಶುಕ್ರವಾರ ಆಫೀಸು ಬಿಟ್ಟು ಕೆ.ಆರ್. ಮಾರ್ಕೆಟ್ ಮೆಟ್ರೊದಲ್ಲಿ ಇಳಿದು, ಕಂಪ್ಯೂಟರ್ ಸಾಮಾನಿನ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ಅಂಗಡಿಯವರು ತಿರುಗುವ ಭಾಗವಿಲ್ಲದ ಬಗೆಯ ಡಿಸ್ಕ್, 960 ಜಿಬಿಯ ಎಸ್‌ಎಸ್‌ಡಿ ತೋರಿಸಿ "ಹೆಚ್ಚುಕಮ್ಮಿ ಒಂದು ಟಿಬಿನೇ ಮೇಡಂ" ಅಂದರು. ಬೇಡ ಅಂದೆ. ಹಳೇ ಡಿಸ್ಕ್ 1 ಟಿಬಿ. ಅದನ್ನು ಇದ್ದ ಹಾಗೇ ಪಡಿಯಚ್ಚು ಇಳಿಸಬೇಕಾದರೆ ಹೊಸದು ಅದರಷ್ಟೇ ಇರಬೇಕು ಇಲ್ಲ ದೊಡ್ಡದಿರಬೇಕು. ಪೂರ್ತಿ 1 ಟಿಬಿಯದನ್ನೇ ತಗೊಂಡೆ. ಜೊತೆಗೆ ಅದನ್ನು ಕಂಪ್ಯೂಟರಿಗೆ ಜೋಡಿಸಲು ಒಂದು ಸಾಟಾ ಕೇಬಲ್.

ನಿನ್ನೆ ಕನಕ ಜಯಂತಿ ರಜೆ. ಬೆಳಗಿನ ರೈಲಿಗೇ ಹೋದೆ. ಅಮ್ಮ ತಟ್ಟೆ ಇಡ್ಲಿ ತರಿಸಿಟ್ಟಿದ್ದಳು. ತಿಂದು ಕೈ ತೊಳೆದವಳೇ ಸಿಪಿಯು ಪಕ್ಕದ ತಗಡು ಬಿಚ್ಚಿದೆ. ವಿಂಡೋಸ್ ಏಳಲು ಬಿಡಲಿಲ್ಲ. ವಿಂಡೋಸ್ ಎದ್ದರೆ ಸುಮ್ಮನಿರುವುದಿಲ್ಲ, ಏನಾದರೂ ಬರೆಯುತ್ತಲೇ ಇರುತ್ತದೆ. ಸಿಸ್ಟಮ್‌ರೆಸ್ಕ್ಯೂ ಅನ್ನುವ ಲಿನಕ್ಸನ್ನು (ವಿಂಡೋಸ್ ಬದಲಿಗೆ ಕಂಪ್ಯೂಟರ್ ನಡೆಸಬಲ್ಲ ಇನ್ನೊಂದು ವ್ಯವಸ್ಥೆ) ಪೆನ್ ಡ್ರೈವಿಗೆ ಹಾಕಿಕೊಂಡು ಹೋಗಿದ್ದೆ, ಅದರಿಂದ ಏಳಿಸಿದೆ.

ಡಿಸ್ಕಿನ ಪಕ್ಕಕ್ಕೆ ಎರಡು ಬೆರಳು ಮುಟ್ಟಿಸಿ ಕೂತೆ. ಮೊದಲು ಸಣ್ಣ ನಡುಕ, ಡಿಸ್ಕಿನೊಳಗಿನ ತಟ್ಟೆ ತಿರುಗಲು ಶುರುವಾದದ್ದು. ಆಮೇಲೆ ಬೆರಳ ತುದಿಗೆ ಟಕ್ ಅಂತ ಒಂದು ಪೆಟ್ಟು. ಕಿವಿಗೆ ಕೇಳುವ ಹೊತ್ತಿಗೆ ಬೆರಳಿಗೂ ತಾಗುತ್ತಿತ್ತು. ಅಪ್ಪನ ಕೈ ಹಿಡಿದು ಅವರ ಬೆರಳನ್ನೂ ಅಲ್ಲಿಟ್ಟೆ. "ಹೌದು, ಇಲ್ಲೇ ಇದೆ" ಅಂದರು ಮೆಲ್ಲಗೆ.

ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಂಡಿರುತ್ತದೆ. ಅದಕ್ಕೆ ಸ್ಮಾರ್ಟ್ ಅಂತ ಹೆಸರು. ತೆಗೆದು ನೋಡಿದೆ. ಓಡಿದ್ದು 19,412 ಗಂಟೆ. ಕೆಟ್ಟುಹೋಗಿ, ಬದಲಿ ಜಾಗ ಕೊಟ್ಟ ಸೆಕ್ಟರ್ (ಡಿಸ್ಕಿನ ಒಂದೊಂದು ಸಣ್ಣ ತುಣುಕು) 48. ಓದಲು ಆಗದೆ ಬಾಕಿ ಉಳಿದ ಸೆಕ್ಟರ್ 392. ಕೇಬಲ್ಲಿನ ದೋಷ ತೋರಿಸುವ ಸಾಲಿನಲ್ಲಿ ಸೊನ್ನೆ. ಆ ಸೊನ್ನೆ ನೋಡಿ ಬೇಜಾರಾಯಿತು. ಕೇಬಲ್ ಸಡಿಲ ಆಗಿದ್ದರೆ ಬದಲಾಯಿಸಿದರೆ ಮುಗಿಯುತ್ತಿತ್ತು.

"ಸದ್ದು ಬೇರೆ, ಸ್ಲೋ ಬೇರೆ ಕಾಯಿಲೆನಾ?" ಅಂತ ಅಪ್ಪ ಕೇಳಿದರು. ಒಂದೇ ಕಾಯಿಲೆ. ಈ ಡಿಸ್ಕಿನ ತಟ್ಟೆ ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ. ಸೆಕೆಂಡಿಗೆ 120. ಒಂದು ಸುತ್ತಿಗೆ ಎಂಟು ಮಿಲಿಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. ತಟ್ಟೆಯ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ಹೆಡ್ ತೇಲುತ್ತಾ ಓದುತ್ತದೆ. ಒಂದು ಸೆಕ್ಟರ್ ಓದಲು ಆಗದಿದ್ದರೆ ಬಿಟ್ಟು ಮುಂದೆ ಹೋಗುವುದಿಲ್ಲ. ಇನ್ನೊಂದು ಸುತ್ತು ಬರುವವರೆಗೆ ಕಾದು ಮತ್ತೆ ಓದುತ್ತದೆ, ಮತ್ತೆ ಕಾಯುತ್ತದೆ. ನೂರು ಸಲ ಆಯಿತೆಂದರೆ ಹೆಚ್ಚುಕಮ್ಮಿ ಒಂದು ಸೆಕೆಂಡ್ ಹೋಯಿತು. ಆಗಲೂ ಸಿಗದಿದ್ದರೆ ಹೆಡ್ ತನ್ನ ಜಾಗಕ್ಕೆ ವಾಪಸ್ ಹೋಗಿ, ಲೆಕ್ಕ ಸರಿಮಾಡಿಕೊಂಡು ಮತ್ತೆ ಬರುತ್ತದೆ. ಆ ಹೋಗಿ ಬರುವುದೇ ಟಕ್. ಅಷ್ಟು ಹೊತ್ತೂ ವಿಂಡೋಸ್ ಕೈಕಟ್ಟಿ ಕಾಯುತ್ತಿರುತ್ತದೆ.

ಮೊದಲು ಪದಗಳ ಫೋಲ್ಡರ್. ಡಿಸ್ಕನ್ನು ಓದಲು ಮಾತ್ರ ಬರುವ ಹಾಗೆ ತೆರೆದು, ಆ ಒಂದೇ ಫೋಲ್ಡರನ್ನು ಇನ್ನೊಂದು ಪೆನ್ ಡ್ರೈವಿಗೆ ಎಳೆದೆ. 64 ಎಂಬಿ ಅಷ್ಟೇ. ಚೆನ್ನಾಗಿದ್ದರೆ ಒಂದೆರಡು ಸೆಕೆಂಡಿನ ಕೆಲಸ. ಇಪ್ಪತ್ತೆಂಟು ನಿಮಿಷ ಹಿಡಿಯಿತು. ಅಮ್ಮ ಅಡುಗೆಮನೆ ಬಿಟ್ಟು ಬಂದು ಬಾಗಿಲಲ್ಲೇ ನಿಂತಿದ್ದಳು. ಒಂದು ಫೈಲ್ ಮಾತ್ರ ಬರಲಿಲ್ಲ. ಗಕಾರದ್ದು.

ಬಂದವನ್ನು ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದೆ. ಪರದೆ ತುಂಬಾ ಇಂಗ್ಲಿಷ್ ಅಕ್ಷರ, ಅದರ ಮೇಲೆ ಎಂಥೆಂಥದೋ ಚುಕ್ಕೆ ಗೀರು. ಅಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಎಲ್ಲಾ ಹಾಳಾಗಿದೆ ಅಲ್ವಾ" ಅಂದರು. ಆ ದನಿ ನನಗೆ ಇನ್ನೂ ಕಿವಿಯಲ್ಲಿದೆ. ಹಾಳಾಗಿರಲಿಲ್ಲ. ಅಪ್ಪ ಇಷ್ಟೂ ವರ್ಷ ಟೈಪ್ ಮಾಡಿದ್ದು ನುಡಿ ಅನ್ನುವ ಕನ್ನಡ ತಂತ್ರಾಂಶದ ಹಳೇ ಫಾಂಟಿನಲ್ಲಿ, ಎಲ್ಲ ಕಂಪ್ಯೂಟರಿಗೂ ಒಂದೇ ಆದ ಯೂನಿಕೋಡ್‌ನಲ್ಲಿ ಅಲ್ಲ. ಅದರಲ್ಲಿ ಫೈಲಿನೊಳಗೆ ಇರುವುದು ಇಂಗ್ಲಿಷಿನ ಸಂಕೇತಗಳೇ, ಅವಕ್ಕೆ ಕನ್ನಡದ ರೂಪ ಕೊಡುವುದು ಫಾಂಟ್. ನನ್ನ ಲ್ಯಾಪ್‌ಟಾಪಿನಲ್ಲಿ ಆ ಫಾಂಟ್ ಇರಲಿಲ್ಲ. ಹಾಕಿದೆ. ಮತ್ತೆ ತೆರೆದೆ. "ಕುರುಂಬೆ: ಹೂವು ಕಚ್ಚಿ ನಿಂತ ಎಳೇ ಕಾಯಿ" ಅಂತ ಅಚ್ಚುಕಟ್ಟಾಗಿ ಮೂಡಿತು. ಅಪ್ಪ ಏನೂ ಹೇಳಲಿಲ್ಲ, ಎದ್ದು ಹೋಗಿ ನನಗೊಂದು ಎಳನೀರು ಕೊಚ್ಚಿ ತಂದರು.

ಮಧ್ಯಾಹ್ನ ಮೂರಕ್ಕೆ ಪೂರ್ತಿ ಡಿಸ್ಕಿನ ಪಡಿಯಚ್ಚು ಶುರು ಮಾಡಿದೆ. ಡಿಡಿರೆಸ್ಕ್ಯೂ ಅನ್ನುವ ಪ್ರೋಗ್ರಾಂ ಇದಕ್ಕೇ ಇರುವುದು. ಮಾಮೂಲಿ ಕಾಪಿ ಕೆಟ್ಟ ಜಾಗಕ್ಕೆ ಬಂದರೆ ಅಲ್ಲೇ ಒದ್ದಾಡುತ್ತದೆ. ಇದು ಹಾಗಲ್ಲ. ಕೆಟ್ಟ ಜಾಗ ಸಿಕ್ಕರೆ ಹಾರಿ ಮುಂದೆ ಹೋಗುತ್ತದೆ, ಚೆನ್ನಾಗಿರುವುದನ್ನೆಲ್ಲ ಮೊದಲು ಬಾಚಿಕೊಳ್ಳುತ್ತದೆ. ಬಿಟ್ಟ ಜಾಗಕ್ಕೆ ಆಮೇಲೆ ಬಂದು ಚೂರು ಚೂರೇ ಓದುತ್ತದೆ. ಎಲ್ಲೆಲ್ಲಿ ಏನಾಯಿತು ಅಂತ ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ಎಂಟರ್ ಒತ್ತುವ ಮೊದಲು ಎರಡೂ ಡಿಸ್ಕಿನ ಸೀರಿಯಲ್ ನಂಬರನ್ನು ಅಪ್ಪನಿಂದ ಲೇಬಲ್ ಓದಿಸಿ ಪರದೆಗೆ ತಾಳೆ ನೋಡಿದೆ. ಯಾವುದರಿಂದ ಯಾವುದಕ್ಕೆ ಅನ್ನೋದು ಹಿಂದುಮುಂದಾದರೆ ಖಾಲಿ ಡಿಸ್ಕ್ ಹಳೇದರ ಮೇಲೆ ಬರೆದುಹೋಗುತ್ತದೆ.

ರಾತ್ರಿ ಎಂಟರ ಹೊತ್ತಿಗೆ 99 ಪರ್ಸೆಂಟ್ ದಾಟಿತ್ತು. ಉಳಿದದ್ದಕ್ಕೆ ರಾತ್ರಿಯೆಲ್ಲ. ಸ್ವಲ್ಪ ಹೊತ್ತಿಗೊಮ್ಮೆ ಟಕ್ ಟಕ್, ನಾನು ಅಲ್ಲೇ ಚಾಪೆ ಹಾಸಿಕೊಂಡಿದ್ದೆ. ಎರಡೂಕಾಲಕ್ಕೆ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಹಳೇದು, ಏಳು ನಿಮಿಷ ಕೂಗಿ ಸುಮ್ಮನಾಯಿತು. ಪೆನ್ ಡ್ರೈವಿನಿಂದ ಎದ್ದ ಲಿನಕ್ಸಿನಲ್ಲಿ ಮಾಡಿದ್ದೆಲ್ಲ ಇರುವುದು ರ‍್ಯಾಮಿನಲ್ಲಿ. ಕರೆಂಟ್ ಹೋದರೆ ಅದೂ ಹೋಯಿತು. ಸದ್ಯ, ಮ್ಯಾಪ್ ಫೈಲನ್ನು ಬೇರೆ ಪೆನ್ ಡ್ರೈವಿನಲ್ಲಿ ಇಡಿಸಿದ್ದೆ. ಮೂರು ಗಂಟೆಗೆ ಕರೆಂಟ್ ಬಂತು. ಬಟನ್ ಒತ್ತಿದೆ. ಹಳೇ ಡಿಸ್ಕ್ ಟಕ್ ಅಂದಿತು, ಮತ್ತೆ ಟಕ್, ಒಟ್ಟು ಒಂಬತ್ತು ಸಲ. ಕತ್ತಲಲ್ಲಿ ಎಣಿಸಿದೆ. ಹತ್ತನೆಯದು ಬರಲಿಲ್ಲ, ಡಿಸ್ಕ್ ಪರದೆ ಮೇಲೆ ಕಾಣಿಸಿತು. ಬಿಟ್ಟ ಕಡೆಯಿಂದಲೇ ಕೆಲಸ ಮುಂದುವರಿಯಿತು.

ಬೆಳಗ್ಗೆ ಏಳಕ್ಕೆ ನಿಲ್ಲಿಸಿದೆ. ಸಿಗದೆ ಉಳಿದದ್ದು 2 ಎಂಬಿಗಿಂತ ಕಡಿಮೆ. ಹಳೇ ಡಿಸ್ಕಿನ ಕೇಬಲ್ ಕಿತ್ತು, ಹೊಸದರಿಂದ ಏಳಿಸಿದೆ. ಎರಡೂ ಒಟ್ಟಿಗಿದ್ದರೆ ವಿಂಡೋಸ್‌ಗೆ ಗೊಂದಲವಾಗುತ್ತದೆ, ಎರಡಕ್ಕೂ ಗುರುತು ಒಂದೇ. ಆಮೇಲೆ ಡಿಸ್ಕಿನ ಲೆಕ್ಕದ ತಪ್ಪು ಹುಡುಕಿ ಸರಿಪಡಿಸುವ ಚೆಕ್‌ಡಿಸ್ಕ್ ಓಡಿಸಿದೆ. ಹೊಸದರ ಮೇಲೆ. ಇದನ್ನು ಹಳೇದರ ಮೇಲೆ ಓಡಿಸಿದ್ದರೆ ಅದು ಕೊನೇ ಓಟವೇ ಆಗುತ್ತಿತ್ತೇನೋ. ಈಗ ಬಟನ್ ಒತ್ತಿದ ಇಪ್ಪತ್ತು ಸೆಕೆಂಡಿಗೆ ಪರದೆ ಬರುತ್ತದೆ.

ಈ ಕಂಪ್ಯೂಟರಿನಲ್ಲಿರುವ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೇ ಬೆಂಬಲ ನಿಂತಿದೆ. ಈ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಒಂದು ವರ್ಷದ ಹೆಚ್ಚುವರಿ ಅಪ್‌ಡೇಟ್‌ಗೆ ಸೇರಿಸಿ ಬಂದಿದ್ದೇನೆ. ಮುಂದಿನ ಸಲ ಹೋದಾಗ ಹೊಸ ಯುಪಿಎಸ್ ಬ್ಯಾಟರಿ, ಮತ್ತೆ ಪದಗಳನ್ನೆಲ್ಲ ಯೂನಿಕೋಡ್‌ಗೆ ತರುವ ಕೆಲಸ. ಫೋಲ್ಡರಿನ ಒಂದು ಪ್ರತಿ ನನ್ನ ಚೀಲದಲ್ಲಿದೆ, ಇನ್ನೊಂದು ಅಮ್ಮನ ಬೀರುವಿನಲ್ಲಿ ಸೀರೆ ಮಧ್ಯೆ.

ಗಕಾರದ ಫೈಲ್ ಪಡಿಯಚ್ಚಿನಲ್ಲೂ ತೆರೆಯಲಿಲ್ಲ. ಕೆಟ್ಟ ಜಾಗ ಸರಿಯಾಗಿ ಅದರ ಮೇಲೇ ಬಿದ್ದಿತ್ತು. ಅಪ್ಪ ಅಟ್ಟ ಹತ್ತಿ ಒಂದು ಕಟ್ಟು ಹಾಳೆ ತಂದರು. ಹೋದ ವರ್ಷ ತಿದ್ದಲು ಪ್ರಿಂಟ್ ಹಾಕಿಸಿದ್ದಂತೆ, ಉದ್ದಕ್ಕೂ ಕೆಂಪು ಶಾಯಿ. ಹದಿನಾಲ್ಕು ಹಾಳೆ. ನಾನೇ ಟೈಪ್ ಮಾಡಿಕೊಡುತ್ತೇನೆ ಅಂದೆ. ಬಿಡಲಿಲ್ಲ. ನಾನು ರೈಲಿಗೆ ಹೊರಡುವಾಗ ಗರಿ ಮುಗಿಸಿ ಗಿಟುಕಿಗೆ ಬಂದಿದ್ದರು.

ಗಾಡಿ ತುಮಕೂರು ದಾಟುವಾಗ ಫೋನ್ ಬಂತು. "ಗಕಾರದಲ್ಲಿ ಇನ್ನೂ ಎರಡು ಪದ ನೆನಪಾಯ್ತು ಕಣಮ್ಮ. ಪ್ರಿಂಟಿನಲ್ಲೂ ಇಲ್ಲ. ಸೇರಿಸಿದೀನಿ. ಪೆನ್ ಡ್ರೈವಿಗೂ ಹಾಕಿದೆ."