ನೀಲಿ ಟಿಕ್ ಬಿತ್ತು, ಉತ್ತರ ಬರಲಿಲ್ಲ

ಮೆಸೇಜು ಹೋಗಿ 40 ನಿಮಿಷವಾಯಿತು. ಎರಡೂ ಟಿಕ್ ನೀಲಿಯಾಗಿವೆ, ಉತ್ತರವಿಲ್ಲ. ಬೇಜಾರಾಯಿತೇನೋ, ಎರಡನೇ ಸಾಲು ಒರಟಾಯಿತೇನೋ, ಇನ್ನು ಮಾತೇ ಬಿಟ್ಟುಬಿಟ್ಟರೆ? ಫೋನು ಎತ್ತಿ, ಚಾಟ್ ತೆರೆದು, ಲಾಸ್ಟ್ ಸೀನ್ ನೋಡಿ, ಮಗುಚಿ ಇಟ್ಟಿದ್ದಾಯಿತು. ಮೂರು ನಿಮಿಷಕ್ಕೆ ಕೈ ಮತ್ತೆ ಅದರತ್ತಲೇ.

ಇಷ್ಟರಲ್ಲಿ ಕೆಟ್ಟದ್ದೇನೂ ಆಗಿಲ್ಲ, ನೋಡಿ. ಏನಾಗುತ್ತದೋ ಗೊತ್ತಿಲ್ಲ ಅನ್ನುವುದೇ ಹಿಂಸೆ. 2016ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 45 ಜನರಿಂದ ಒಂದು ಕಂಪ್ಯೂಟರ್ ಆಟ ಆಡಿಸಿದರು. ಪರದೆಯ ಮೇಲಿನ ಕಲ್ಲಿನಡಿ ಹಾವಿದೆಯೋ ಇಲ್ಲವೋ ಊಹಿಸಬೇಕು. ಹಾವಿದ್ದರೆ ಕೈಗೆ ನೋವಾಗುವಂಥ ಸಣ್ಣ ಶಾಕ್. ಬೆವರು ಮತ್ತು ಕಣ್ಣಿನ ಪಾಪೆಯ ಅಳತೆ ತೆಗೆದಾಗ, ಶಾಕ್ ಖಂಡಿತ ಎಂದು ಗೊತ್ತಿದ್ದ ಹೊತ್ತಿಗಿಂತ 50-50 ಸಾಧ್ಯತೆ ಇದ್ದಾಗಲೇ ಒತ್ತಡ ಹೆಚ್ಚಿತ್ತು. ಹಾವೇ ಎಂದು ತಿಳಿದವನು ಪಕ್ಕಕ್ಕೆ ಸರಿಯುತ್ತಾನೆ. ಹಗ್ಗವೋ ಹಾವೋ ತಿಳಿಯದವನು ನಿಂತಲ್ಲೇ ಬೆವರುತ್ತಾನೆ.

ಈ ‘ಗೊತ್ತಿಲ್ಲ’ವನ್ನು ತಾಳಿಕೊಳ್ಳುವ ಶಕ್ತಿ ಎಲ್ಲರಿಗೂ ಒಂದೇ ಸಮನಾಗಿಲ್ಲ. ಕೆನಡಾದ ಮನಃಶಾಸ್ತ್ರಜ್ಞರು 1994ರಲ್ಲೇ ಇದನ್ನು ಅಳೆಯಲು 27 ಪ್ರಶ್ನೆಗಳ ಮಾಪಕವೊಂದನ್ನು ಪ್ರಕಟಿಸಿದರು. ತಾಳಿಕೆ ಕಡಿಮೆ ಇರುವವರು ಏನು ಮಾಡುತ್ತಾರೆ? ಖಾತ್ರಿ ಹುಡುಕುತ್ತಾರೆ. ಇಮೇಲ್ ಕಳಿಸುವ ಮುಂಚೆ ಆರು ಸಲ ಓದುವುದು, ಹಾಕಿದ ಬೀಗ ಮತ್ತೆ ಎಳೆದು ನೋಡುವುದು, ಸಣ್ಣ ತಲೆನೋವಿಗೂ ಗೂಗಲ್ ಮಾಡುವುದು, ‘ಏನೂ ಆಗಲ್ಲ ಅಲ್ವಾ?’ ಎಂದು ಮನೆಯವರನ್ನು ಕೇಳುವುದು. ಪ್ರತಿಸಲವೂ ಒಂದು ಗಳಿಗೆ ಹಾಯೆನಿಸುತ್ತದೆ. ತೊಂದರೆ ಶುರುವಾಗುವುದೇ ಅಲ್ಲಿಂದ. ‘ನೋಡಿದ್ದರಿಂದ ಬಚಾವಾದೆ’ ಎಂದು ಮಿದುಳು ಬರೆದುಕೊಳ್ಳುತ್ತದೆ, ಮುಂದಿನ ಸಲ ಇನ್ನೂ ಬೇಗ ನೋಡು ಎನ್ನುತ್ತದೆ. ತುರಿಕೆ ಕೆರೆದ ಹಾಗೆ. ‘ಯೋಚನೆ ಬಿಡು’ ಎಂಬ ಉಚಿತ ಸಲಹೆ ಕೆಲಸ ಮಾಡದಿರುವುದು ಇದಕ್ಕೇ: ಬಿಡಬೇಕಾದ್ದು ಯೋಚನೆಯನ್ನಲ್ಲ, ಕೆರೆಯುವುದನ್ನು.

ಈ ಕೆರೆತ ಬಿಡುವುದು ಹೇಗೆ? ಮೊದಲ ಮೂರು ದಿನ ಏನನ್ನೂ ಬದಲಿಸಬೇಡಿ, ಬರೆದಿಡಿ ಸಾಕು. ಹಾಳೆಯಲ್ಲಿ ನಾಲ್ಕು ಕಾಲಂ: ಎಷ್ಟು ಹೊತ್ತಿಗೆ, ಏನು ಅನುಮಾನ ಬಂತು, ಖಾತ್ರಿಗಾಗಿ ಏನು ಮಾಡಿದಿರಿ, ಸಿಕ್ಕ ನೆಮ್ಮದಿ ಎಷ್ಟು ಹೊತ್ತು ಉಳಿಯಿತು. ಕಣ್ಣು ತೆರೆಸುವುದು ಕೊನೆಯ ಕಾಲಂ. ಅಲ್ಲಿ ಸಾಮಾನ್ಯವಾಗಿ ಗಂಟೆಗಳಿರುವುದಿಲ್ಲ, ನಿಮಿಷಗಳಿರುತ್ತವೆ.

ಆಮೇಲೆ ಆ ಪಟ್ಟಿಯ ಒಂದೊಂದು ಅಭ್ಯಾಸಕ್ಕೂ, ಅದನ್ನು ಮಾಡದೆ ಬಿಟ್ಟರೆ ಎಷ್ಟು ಕಷ್ಟವಾದೀತು ಎಂದು 100ಕ್ಕೆ ಅಂಕ ಕೊಡಿ. ಆರಂಭಕ್ಕೆ 20-30ರ ಆಸುಪಾಸಿನದು ಸಾಕು. ಮಾಮೂಲಿ ಇಮೇಲನ್ನು ಒಂದೇ ಸಲ ಓದಿ ಕಳಿಸುವುದು, ಫೋನು ಮನೆಯಲ್ಲೇ ಬಿಟ್ಟು ಅರ್ಧ ಗಂಟೆ ನಡೆದು ಬರುವುದು, ರಿವ್ಯೂ ಓದದೆ ಒಂದು ಸಣ್ಣ ವಸ್ತು ಕೊಳ್ಳುವುದು, ಹೀಗೆ. ಮಾಡುವ ಮುಂಚೆ ಎರಡು ಸಾಲು: ಏನಾಗುತ್ತದೆಂಬ ಭಯ, ಅದಾಗುವ ಸಾಧ್ಯತೆ ಶೇಕಡಾ ಎಷ್ಟು. ಮಾಡಿದ ಮೇಲೆ ಇನ್ನೆರಡು: ನಿಜಕ್ಕೂ ಏನಾಯಿತು, ಕೆಟ್ಟದಾಗಿದ್ದರೆ ಹೇಗೆ ನಿಭಾಯಿಸಿದಿರಿ. ಇಮೇಲಿನಲ್ಲಿ ಒಂದು ಕಾಗುಣಿತ ತಪ್ಪು ಉಳಿದೇಬಿಟ್ಟಿತು ಅನ್ನಿ. ಯಾರೂ ಗಮನಿಸಲಿಲ್ಲ, ಅಥವಾ ಒಬ್ಬರು ಹೇಳಿದರು, ನೀವು ತಿದ್ದಿದಿರಿ. ಇಂಥ ಪುಟಗಳೇ ಹೆಚ್ಚು ಬೆಲೆಯವು. ಎಲ್ಲವೂ ಸರಿಹೋಯಿತು ಎನ್ನುವ ಪುಟ ಕಲಿಸುವುದಕ್ಕಿಂತ, ಸರಿಹೋಗದಿದ್ದರೂ ಸಂಭಾಳಿಸಬಲ್ಲೆ ಎನ್ನುವ ಪುಟ ಹೆಚ್ಚು ಕಲಿಸುತ್ತದೆ. ಅದೇ ಪ್ರಯೋಗವನ್ನು ವಾರದಲ್ಲಿ ನಾಲ್ಕೈದು ಸಲ ಮಾಡಿ, ಅಂಕ ಇಳಿದ ಮೇಲೆ ಮುಂದಿನದಕ್ಕೆ ಹೋಗಿ.

ಕೆಡುವುದು ಎಲ್ಲಿ? ಉತ್ಸಾಹದಲ್ಲಿ ಮೊದಲ ದಿನವೇ 80 ಅಂಕದ್ದಕ್ಕೆ ಕೈಹಾಕಿ, ಅರ್ಧಕ್ಕೆ ಬಿಟ್ಟು, ‘ನನ್ನಿಂದಾಗದು’ ಎಂದುಕೊಳ್ಳುವುದು ಒಂದು. ಕಳ್ಳದಾರಿ ಇನ್ನೊಂದು, ಇದು ಬೇಗ ಸಿಕ್ಕಿಬೀಳುವುದಿಲ್ಲ. ಬೀಗ ಎಳೆದು ನೋಡುವುದನ್ನು ಬಿಟ್ಟವರು ಬೀಗ ಹಾಕಿದ ದೃಶ್ಯವನ್ನು ಮನಸ್ಸಿನಲ್ಲೇ ಹತ್ತು ಸಲ ಓಡಿಸುತ್ತಾರೆ. ಗೂಗಲ್ ಬಿಟ್ಟವರು ಗೆಳೆಯರನ್ನು ಕೇಳುತ್ತಾರೆ. ರೂಪ ಬದಲಾಯಿತು, ಕೆರೆತ ನಿಲ್ಲಲಿಲ್ಲ. ಎದೆ ಡವಗುಟ್ಟಬಾರದು ಎಂಬ ಷರತ್ತೂ ಬೇಡ. ಡವಗುಟ್ಟುತ್ತದೆ. ಅದರ ನಡುವೆಯೂ ಫೋನು ಮಗುಚಿದಂತೆಯೇ ಇದ್ದರೆ ಅಂದಿನ ಕೆಲಸ ಆಯಿತು.

ಪರೀಕ್ಷೆಯ ಫಲಿತಾಂಶ, ಕೆಲಸ ಉಳಿಯುತ್ತದೋ ಇಲ್ಲವೋ ಎಂಬಂಥವು ವಾರಗಟ್ಟಲೆ ಅಡ್ಡಗೋಡೆಯ ಮೇಲಿನ ದೀಪವಾಗಿಯೇ ಇರುತ್ತವೆ. ಅವುಗಳ ಮುಂದೆ ಒಂದು ಪ್ರಶ್ನೆ ಇಡಿ: ಈ ವಾರ ನಾನು ಮಾಡಬಹುದಾದ್ದು ಏನಾದರೂ ಇದೆಯೇ? ಇದ್ದರೆ ದಿನ, ಹೊತ್ತು ಹಾಕಿ ಬರೆದುಕೊಳ್ಳಿ. ಇಲ್ಲದಿದ್ದರೆ ಅದನ್ನು ‘ಚಿಂತೆಯ ಹೊತ್ತಿ’ಗೆ ಮುಂದೂಡಿ. ಅಮೆರಿಕದ ಮನಃಶಾಸ್ತ್ರಜ್ಞ ಥಾಮಸ್ ಬೊರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ವಿಧಾನವಿದು: ದಿನಾ ಒಂದೇ ಜಾಗ, ಒಂದೇ ವೇಳೆ, ಅರ್ಧ ಗಂಟೆ. ಹಗಲಿನಲ್ಲಿ ಚಿಂತೆ ಬಂದಾಗ ಒಂದೆರಡು ಪದ ಗೀಚಿಕೊಂಡು ಕೈಯಲ್ಲಿದ್ದ ಕೆಲಸಕ್ಕೆ ಮರಳುವುದು, ಆ ಅರ್ಧ ಗಂಟೆಯಲ್ಲಿ ಕೂತು ಚೆನ್ನಾಗಿಯೇ ಚಿಂತಿಸುವುದು. ಹಾಸಿಗೆಯ ಮೇಲಾಗಲಿ, ಮಲಗುವ ಹೊತ್ತಿಗಾಗಲಿ ಬೇಡ. ಇವತ್ತು ಮನಸ್ಸು ಹಗುರಾಗಿದೆ ಎಂದು ತಪ್ಪಿಸಿಕೊಳ್ಳಲೂಬೇಡಿ. ಹೊತ್ತು ತಪ್ಪಿತೆಂದರೆ ‘ಆಮೇಲೆ’ ಎಂಬ ಮಾತನ್ನು ಮನಸ್ಸು ನಂಬುವುದಿಲ್ಲ.

2020ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಆತಂಕದ ಕಾಯಿಲೆಯಿದ್ದ 29 ಜನರ ಚಿಂತೆಗಳನ್ನು ಬರೆಸಿ ಪರಿಶೀಲಿಸಿದಾಗ ಶೇಕಡಾ 91ರಷ್ಟು ನಿಜವಾಗಲಿಲ್ಲ. ಒಳ್ಳೆಯ ಸಂಖ್ಯೆಯೇ. ಆದರೆ ಪ್ರತಿ ಚಿಂತೆಗೂ ಇದನ್ನೇ ಮಂತ್ರದಂತೆ ಜಪಿಸಿದರೆ ಅದೂ ಖಾತ್ರಿಯ ಹುಡುಕಾಟವೇ, ಜೊತೆಗೆ ಮನಸ್ಸು ಉಳಿದ ಒಂಬತ್ತನ್ನು ಹಿಡಿದು ಕೂರುತ್ತದೆ.

ಮನೆಯವರಿಗೊಂದು ಮಾತು. ‘ಏನೂ ಆಗಲ್ಲ ಅಲ್ವಾ?’ ಎಂದು ಐದನೇ ಸಲ ಕೇಳಿದಾಗ ‘ಏನೂ ಆಗಲ್ಲ’ ಅನ್ನುವುದು ಪ್ರೀತಿಯೇ, ಮದ್ದಲ್ಲ. ಗದರುವುದಂತೂ ಅಲ್ಲ. ‘ನನಗೂ ಗೊತ್ತಿಲ್ಲ ಕಣೋ, ಕಾದು ನೋಡೋಣ, ಸ್ವಲ್ಪ ನಡೆದು ಬರೋಣ ಬಾ’ ಎನ್ನಬಹುದು. ಈ ಉತ್ತರ ಕೊಡುವುದಾಗಿ ಇಬ್ಬರೂ ಮೊದಲೇ ಮಾತಾಡಿಕೊಂಡಿರಬೇಕು, ಇಲ್ಲದಿದ್ದರೆ ಕೈಬಿಟ್ಟಂತೆ ಕೇಳಿಸುತ್ತದೆ.

ಎದೆನೋವು, ಉಸಿರುಕಟ್ಟುವಿಕೆ, ಹೊಸದಾಗಿ ಕಂಡ ಗಂಟು ಇವು ಪ್ರಯೋಗದ ವಸ್ತುಗಳಲ್ಲ, ತಡಮಾಡದೆ ತೋರಿಸಿಕೊಳ್ಳಿ. ಎದೆಬಡಿತ, ಕೈನಡುಕಕ್ಕೆ ಹೆಚ್ಚು ಕೆಲಸ ಮಾಡುವ ಥೈರಾಯ್ಡ್ ಕಾರಣವಿರಬಹುದು, ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ. ಹಿಡಿತಕ್ಕೆ ಸಿಗದ ಚಿಂತೆ ಆರು ತಿಂಗಳಿಂದ ಹೆಚ್ಚಿನ ದಿನಗಳಲ್ಲಿ ಕಾಡುತ್ತಿದ್ದು, ನಿದ್ದೆಗೆಟ್ಟು, ಮೈ ಬಿಗಿದು, ಕೆಲಸ ಕೆಡುತ್ತಿದ್ದರೆ ಮನೋವೈದ್ಯರನ್ನೋ ಮನಃಶಾಸ್ತ್ರಜ್ಞರನ್ನೋ ಕಾಣಬೇಕು. ಬದುಕಿನಲ್ಲಿ ಅರ್ಥವೇ ಇಲ್ಲ ಎನಿಸುತ್ತಿದ್ದರೆ ಆರು ತಿಂಗಳ ಲೆಕ್ಕ ಬೇಡ, ಇವತ್ತೇ ಹೋಗಿ. ಉಳಿದವರು ಹೋಗುವಾಗ ಆ ನಾಲ್ಕು ಕಾಲಮಿನ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಳ್ಳಿ. ‘ಏನು ತೊಂದರೆ?’ ಎಂದು ಅವರು ಕೇಳಿದಾಗ ಮಾತು ಹೊರಡದಿದ್ದರೆ ಅದನ್ನೇ ಮುಂದಿಡಬಹುದು.