ಜೋಶ್ ಗಿಬ್ಸನ್ ಹೊಡೆದ ಹೋಮ್ ರನ್‌ಗಳೆಷ್ಟು?

ಅಮೆರಿಕದ ಕೂಪರ್ಸ್‌ಟೌನ್‌ನ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ನಲ್ಲಿರುವ ಕಪ್ಪು ಆಟಗಾರ ಜೋಶ್ ಗಿಬ್ಸನ್ ಅವರ ಫಲಕ, ಅವರು ಹೆಚ್ಚುಕಡಿಮೆ 800 ಹೋಮ್ ರನ್ (ಒಂದೇ ಹೊಡೆತಕ್ಕೆ ಬೇಸ್ ಎಂಬ ನಾಲ್ಕೂ ನೆಲೆಗಳನ್ನು ಸುತ್ತಿ ಬರುವುದು) ಹೊಡೆದರೆಂದು ಹೇಳುತ್ತದೆ. ಅಲ್ಲಿನ ಅತ್ಯುನ್ನತ ವೃತ್ತಿಪರ ಲೀಗ್ ಆದ ಮೇಜರ್ ಲೀಗ್ ಬೇಸ್‌ಬಾಲ್ 2024ರಲ್ಲಿ ತನ್ನ ದಾಖಲೆಗೆ ಸೇರಿಸಿಕೊಂಡ ಲೆಕ್ಕದಲ್ಲಾದರೋ ಅದು 200ನ್ನೂ ಮುಟ್ಟುವುದಿಲ್ಲ. ಎರಡರಲ್ಲಿ ಒಂದು ಸುಳ್ಳೆಂದು ತೀರ್ಮಾನಿಸುವುದು ಸುಲಭ. ಆದರೆ ಕಪ್ಪು ಆಟಗಾರರಿಗೆ ಮೇಜರ್ ಲೀಗ್‌ನ ಬಾಗಿಲು ಮುಚ್ಚಿದ್ದ ವರ್ಣಭೇದದ ಕಾಲದಲ್ಲಿ ಅವರು ಆಡಿದ ಬೇಸ್‌ಬಾಲ್ ಕುರಿತು ಓದುತ್ತಾ ಹೋದಂತೆ ನನಗೆ ಆ ತೀರ್ಮಾನ ಅವಸರದ್ದೆಂದು ತೋರಿದೆ.

1920ರ ಫೆಬ್ರವರಿಯಲ್ಲಿ ತಂಡವೊಂದರ ಒಡೆಯ ರೂಬ್ ಫಾಸ್ಟರ್ ಕಾನ್ಸಾಸ್ ಸಿಟಿಯ ವೈಎಂಸಿಎ ಕಟ್ಟಡದಲ್ಲಿ ಕಪ್ಪು ಆಟಗಾರರ ತಂಡಗಳ ಒಡೆಯರನ್ನು ಕೂಡಿಸಿ ನೀಗ್ರೋ ನ್ಯಾಷನಲ್ ಲೀಗ್ ಸ್ಥಾಪಿಸಿದರು. ಆದರೆ ಲೀಗ್ ಪಂದ್ಯಗಳ ಗಳಿಕೆಯಿಂದಷ್ಟೇ ಈ ತಂಡಗಳ ಹೊಟ್ಟೆ ತುಂಬುತ್ತಿರಲಿಲ್ಲ. ಊರೂರು ಸುತ್ತಿ, ಪಟ್ಟಣದ ಹವ್ಯಾಸಿ ತಂಡವೋ ಬಿಳಿಯ ವೃತ್ತಿಪರರ ತಂಡವೋ, ಯಾರು ಸಿಕ್ಕರೆ ಅವರೊಡನೆ ಆಡಬೇಕಾಗಿತ್ತು. ಫಲಕದ ಎಣಿಕೆಯಲ್ಲಿ ಅಂಥ ಪಂದ್ಯಗಳೂ ಸೇರಿವೆ. ಅಧಿಕೃತ ಎಣಿಕೆಯಲ್ಲಿ ಇಲ್ಲ.

ಲೀಗ್ ಪಂದ್ಯಗಳ ಲೆಕ್ಕವೂ ಒಂದೆಡೆ ಸಿಕ್ಕಿದ್ದಲ್ಲ. ಸಂಶೋಧಕರು ಪಿಟ್ಸ್‌ಬರ್ಗ್ ಕೊರಿಯರ್, ಷಿಕಾಗೋ ಡಿಫೆಂಡರ್ ಮುಂತಾದ ಕಪ್ಪು ಜನರ ಪತ್ರಿಕೆಗಳ ಹಳೆಯ ಸಂಚಿಕೆಗಳನ್ನು ಮೈಕ್ರೋಫಿಲ್ಮ್‌ನಲ್ಲಿ ಪುಟಪುಟವಾಗಿ ನೋಡಿ ಅದನ್ನು ಕೂಡಿಸಿದ್ದಾರೆ. ಈ ಪತ್ರಿಕೆಗಳಲ್ಲಿ ಹೆಚ್ಚಿನವು ವಾರಕ್ಕೊಮ್ಮೆ ಬರುತ್ತಿದ್ದವು; ಒಂದು ಪತ್ರಿಕೆಯಲ್ಲಿ ಪೂರ್ಣ ಸ್ಕೋರ್ ಪಟ್ಟಿಯಿದ್ದರೆ ಇನ್ನೊಂದರಲ್ಲಿ ಬರಿಯ ಫಲಿತಾಂಶ, ಒಬ್ಬನೇ ಆಟಗಾರನಿಗೆ ಎರಡು ಬಗೆಯ ಹೆಸರು. ಪಟ್ಟಿ ಸರಿಯಿದೆಯೇ ಎಂದು ತಾಳೆ ನೋಡುವ ಕ್ರಮವಂತೂ ನನಗೆ ಬಹಳ ಮೆಚ್ಚುಗೆಯಾಯಿತು. ಬ್ಯಾಟಿಂಗಿಗೆ ಬಂದ ಪ್ರತಿಯೊಬ್ಬನೂ ಔಟಾಗಿರಬೇಕು, ರನ್ ಗಳಿಸಿರಬೇಕು, ಇಲ್ಲವೇ ಬೇಸ್ ಮೇಲೆಯೇ ಉಳಿದಿರಬೇಕು. ಈ ಮೂರರ ಮೊತ್ತವು ಬ್ಯಾಟಿಂಗಿಗೆ ಬಂದ ಸರದಿಗಳ ಸಂಖ್ಯೆಗೆ ಸಮನಾಗದಿದ್ದರೆ ಅಚ್ಚಾದ ಪಟ್ಟಿಯಲ್ಲಿ ಎಲ್ಲೋ ದೋಷವಿದೆ ಎಂದೇ ಅರ್ಥ. ನಮ್ಮ ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ.

ಒಂದು ಪಂದ್ಯದಲ್ಲಿ ಐದು ಹಿಟ್ ಹೊಡೆದು ಐದು ಬೇಸ್ ಕದ್ದರೂ (ಹೊಡೆತದ ನೆರವಿಲ್ಲದೆ ಮುಂದಿನ ಬೇಸ್‌ಗೆ ಓಡಿದರೂ), ಸ್ಕೋರ್ ಪುಸ್ತಕ ತರುವುದನ್ನೇ ಮರೆತಿದ್ದರಿಂದ ಯಾವುದೂ ದಾಖಲಾಗಲಿಲ್ಲವೆಂದು ಆ ಕಾಲದ ಕಪ್ಪು ಆಟಗಾರ ಕೂಲ್ ಪಾಪಾ ಬೆಲ್ ನೆನಪಿಸಿಕೊಂಡಿದ್ದುಂಟು. ಇಂಥ ಮಾತನ್ನು ಅಂಕಿಅಂಶಕ್ಕೆ ಸೇರಿಸಲಾಗದು. ಕಟ್ಟುಕತೆಯೆಂದು ತಳ್ಳಿಹಾಕಲು ನನಗಂತೂ ಮನಸ್ಸಾಗದು.

1920ರಿಂದ 1948ರವರೆಗಿನ, ಕಪ್ಪು ಆಟಗಾರರ ಏಳು ಲೀಗ್‌ಗಳಿಗೆ ಮೇಜರ್ ಲೀಗ್ ಮಾನ್ಯತೆ ದೊರೆತದ್ದು 2020ರ ಡಿಸೆಂಬರ್‌ನಲ್ಲಿ. 2024ರ ಮೇ ತಿಂಗಳಲ್ಲಿ ಅಂಕಿಗಳು ಸೇರ್ಪಡೆಯಾದಾಗ ಗಿಬ್ಸನ್ ಅವರ ಜೀವಮಾನದ ಬ್ಯಾಟಿಂಗ್ ಸರಾಸರಿ 0.372 ಆಯಿತು, ಅದುವರೆಗೆ ಮೊದಲ ಸ್ಥಾನದಲ್ಲಿದ್ದ ಬಿಳಿಯ ಆಟಗಾರ ಟೈ ಕಾಬ್ ಅವರ 0.367 ಎರಡನೆಯ ಸ್ಥಾನಕ್ಕಿಳಿಯಿತು. ಗಿಬ್ಸನ್ ತೀರಿಕೊಂಡದ್ದು 1947ರ ಜನವರಿಯಲ್ಲಿ, ಜಾಕಿ ರಾಬಿನ್ಸನ್ ಆಧುನಿಕ ಮೇಜರ್ ಲೀಗ್‌ನ ಮೊದಲ ಕಪ್ಪು ಆಟಗಾರನಾಗಿ ಬ್ರೂಕ್ಲಿನ್ ತಂಡದ ಪರ ಕಣಕ್ಕಿಳಿಯುವುದಕ್ಕೆ ಮೂರು ತಿಂಗಳು ಮೊದಲು. 2024ರ ಅಂದಾಜಿನಂತೆ ಆ ಕಾಲದ ದಾಖಲೆಗಳಲ್ಲಿ ಮುಕ್ಕಾಲು ಪಾಲಷ್ಟೇ ಸೇರ್ಪಡೆಯಾಗಿದ್ದವು; ಉಳಿದವು ಸಿಕ್ಕಂತೆಲ್ಲ 0.372 ಮೇಲಕ್ಕೂ ಹೋಗಬಹುದು, ಕೆಳಕ್ಕೂ ಇಳಿಯಬಹುದು.